ಸೋಮವಾರ ಓಗೊಡದ ಕೊಟ್ಟೂರು

ನಾನು ಕೆಲಸಕ್ಕಿದ್ದ ಬೀಜದ ಕಂಪನಿಗೆ ಐದು ಊರುಗಳಲ್ಲಿ ಕಚೇರಿಗಳಿದ್ದವು. ಹಗರಿಬೊಮ್ಮನಹಳ್ಳಿಯದು ದೊಡ್ಡದು, ನಾನು ಕೂರುತ್ತಿದ್ದುದು ಅಲ್ಲಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯವು ಎರಡೆರಡು ಕೋಣೆಯ ಸಣ್ಣ ಕಚೇರಿಗಳು. ಕೊಟ್ಟೂರಿನಲ್ಲಿ ಮಾತ್ರ ಕಚೇರಿಯ ಹಿಂದೆಯೇ ಗೋದಾಮು. ಮೆಕ್ಕೆಜೋಳ, ಸೂರ್ಯಕಾಂತಿ, ಸಜ್ಜೆ, ಯಾವ ಬೀಜವಾದರೂ ಉಳಿದ ಊರುಗಳಿಗೆ ಅಲ್ಲಿಂದಲೇ ಹೋಗಬೇಕು. ಎರಡು ಸಾವಿರದ ಇಸವಿ ದಾಟಿ ಹೆಚ್ಚು ದಿನವಾಗಿರಲಿಲ್ಲ. ಐದೂ ಕಡೆ ಒಂದೊಂದು ಸರ್ವರ್ ತಂದಿಟ್ಟು, ಅವುಗಳ ಯೋಗಕ್ಷೇಮ ನೋಡಿಕೊಳ್ಳಲು ನನ್ನನ್ನು ಇಟ್ಟಿದ್ದರು.

ಹರಪನಹಳ್ಳಿಯಲ್ಲಿದ್ದ ನಮ್ಮವ್ವನಿಗೆ ನನ್ನ ಕೆಲಸ ಏನೆಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. "ಐದು ಮನೆ ಬೀಗರು ಅಂತ ತಿಳ್ಕೋ," ಅಂದಿದ್ದೆ. "ಒಂದು ಮನೆಗೆ ಸೊಸೆ ಬಂದ್ರೆ ಉಳಿದ ನಾಲ್ಕು ಮನೆಗೂ ಸುದ್ದಿ ಮುಟ್ಟಬೇಕು. ಯಾರಾದ್ರೂ ಮನೆ ಬಿಟ್ಟು ಹೋದ್ರೆ ಅದೂ ಗೊತ್ತಾಗಬೇಕು. ಇಲ್ಲಾಂದ್ರೆ ಒಬ್ರು ಇದಾರೆ ಅಂತಾರೆ, ಇನ್ನೊಬ್ರು ಇಲ್ಲ ಅಂತಾರೆ. ಆ ಸುದ್ದಿ ಸರಿಯಾಗಿ ಮುಟ್ತೋ ಇಲ್ವೋ ನೋಡೋದು ನನ್ನ ಕೆಲಸ." ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ಇದಕ್ಕೂ ಸಂಬಳ ಕೊಡ್ತಾರಾ?" ಎಂದಳು.

ನಿಜಕ್ಕೂ ಕೆಲಸ ಅಷ್ಟೇ. ಕಂಪನಿಯಲ್ಲಿ ಯಾರು ಯಾರು ಇದ್ದಾರೆ, ಅವರ ಪಾಸ್‌ವರ್ಡ್ ಏನು, ಯಾರು ಯಾವ ಕಡತ ತೆರೆಯಬಹುದು ಎಂಬುದೆಲ್ಲ ಸರ್ವರಿನೊಳಗೆ ಒಂದು ಡೈರೆಕ್ಟರಿಯಲ್ಲಿ ಇರುತ್ತದೆ. ಅದರ ಒಂದೊಂದು ಪ್ರತಿ ಒಂದೊಂದು ಊರಿನಲ್ಲಿ. ಒಂದು ಕಡೆ ಬದಲಾದದ್ದು ಉಳಿದ ಕಡೆಯೂ ಬದಲಾಗಬೇಕು. ಪುಸ್ತಕದಲ್ಲಿ ಅದನ್ನು ರೆಪ್ಲಿಕೇಶನ್ ಅನ್ನುತ್ತಾರೆ, ನಮ್ಮ ಮ್ಯಾನೇಜರ್ ಸಾಹೇಬರು 'ಸುದ್ದಿ ಮುಟ್ಟಿಸೋದು' ಅನ್ನುತ್ತಿದ್ದರು. ಅದೇ ಯಂತ್ರದಲ್ಲೇ ಇಮೇಲ್ ಕೂಡ. ಎಲ್ಲವೂ ಓಡಾಡಬೇಕಾದದ್ದು ಟೆಲಿಫೋನ್ ತಂತಿಯ ಮೇಲೆ. ರಸ್ತೆಗೆ ಜಲ್ಲಿ ಹಾಕಲು ಗುಂಡಿ ತೋಡಿದರೆ ಹಡಗಲಿ ಹೋಯಿತು, ಗಾಳಿ ಜೋರಾಗಿ ಬೀಸಿದರೆ ಕೂಡ್ಲಿಗಿ ಹೋಯಿತು. ಬೆಳಿಗ್ಗೆ ಕಚೇರಿಗೆ ಬಂದವಳೇ ನನ್ನ ಯಂತ್ರದಿಂದ ನಾಲ್ಕೂ ಊರುಗಳ ಸರ್ವರ್‌ಗಳನ್ನು ಒಂದೊಂದಾಗಿ ಕೂಗಿ ನೋಡುತ್ತಿದ್ದೆ. ಓಗೊಟ್ಟರೆ ಸಮಾಧಾನ. ಇಲ್ಲದಿದ್ದರೆ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಯಂತ್ರ ಕೆಟ್ಟರೆ ಮೊದಲು ಯಂತ್ರವನ್ನು ಬೈದು, ಆಮೇಲೆ ತಂತಿಯನ್ನು ಬೈದು, ಆಮೇಲೆ ಕೆಲಸಕ್ಕೆ ಕೂರುವವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ವರ್ಷದ ಮುಂಗಾರಿನಲ್ಲಿ ನಾನು ಬೈಯದೇ ಉಳಿದವರು ಯಾರೂ ಇರಲಿಲ್ಲ.

ಬೇಸಿಗೆಯ ಕೊನೆಯಿಂದಲೇ ಕೊಟ್ಟೂರು ಕಾಡಿಸತೊಡಗಿತ್ತು. ವಾರವಿಡೀ ಸುಮ್ಮನಿದ್ದು ಮಂಗಳವಾರ ಬೆಳಿಗ್ಗೆ ಸರಿಯಾಗಿ ಅಲ್ಲಿಯ ಮೇಲ್ ಕೆಟ್ಟು ಕೂರುತ್ತಿತ್ತು. ಮೇಲ್ ಡಬ್ಬಿ ತೆರೆಯುತ್ತಿರಲಿಲ್ಲ, ತೆರೆದರೂ ಅರ್ಧ ಮೇಲ್‌ಗಳು ಮಾಯ. ನಾನು ಹೋಗಿ ಮಧ್ಯಾಹ್ನದವರೆಗೆ ಕೂತು ರಿಪೇರಿ ಮಾಡಿ ಬರಬೇಕು. ಮುಂದಿನ ಮಂಗಳವಾರ ಮತ್ತೆ ಅದೇ ಹಾಡು. ಬೇರೆ ಕಾಲದಲ್ಲಾಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಮಳೆ ಬಿದ್ದು ನೆಲ ಹದಕ್ಕೆ ಬಂದ ಹೊತ್ತು. ಹಡಗಲಿಯವರು ಸೂರ್ಯಕಾಂತಿ ಬೀಜ ಬೇಕೆಂದು ಬರೆದ ಮೇಲ್ ಕೊಟ್ಟೂರಿನಲ್ಲಿ ಕಳೆದುಹೋಗಿ, ಗಾಡಿ ಬಾರದೆ, ರೈತರು ಹಡಗಲಿ ಕಚೇರಿಯ ಮುಂದೆ ಬಂದು ಕೂತರು. ಆ ಗಲಾಟೆಯ ಸುದ್ದಿ ಮಾತ್ರ ಯಾವ ತಂತಿಯ ಹಂಗೂ ಇಲ್ಲದೆ ಸಾಹೇಬರಿಗೆ ಮುಟ್ಟಿತು.

ಕೊಟ್ಟೂರು ಕಚೇರಿಯ ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ಒಬ್ಬ ಹುಡುಗಿ. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಗುತ್ತಿಗೆ ಮೇಲೆ ಸೇರಿದವಳು. ನಾನು ಹೋದಾಗಲೆಲ್ಲ ಬುತ್ತಿಯಲ್ಲಿ ನನಗೂ ಎರಡು ಸಜ್ಜೆರೊಟ್ಟಿ ಹೆಚ್ಚಿಗೆ ಇರುತ್ತಿದ್ದವು. ನನ್ನ ಹರಪನಹಳ್ಳಿ ಮಾತನ್ನು ಅಣಕಿಸುತ್ತಿದ್ದಳು. ನಾನು 'ಐತೆ' ಅಂದರೆ ಸಾಕು, "ಐತಿ ಅನ್ರಿ ಅಕ್ಕ, ಬಾಯಿ ಏನೂ ಸವೆಯಂಗಿಲ್ಲ" ಅನ್ನುವಳು. ಮನೆಯಲ್ಲಿ ಅವಳ ಅಣ್ಣಂದಿರು ಒಂದೇ ಮಾತು ಹೇಳಿದ್ದರು: ಕೆಲಸ ಕಾಯಂ ಆದರೆ ಹೋಗು, ಇಲ್ಲದಿದ್ದರೆ ಈ ತಿರುಗಾಟ ಸಾಕು, ಮನೆಯಲ್ಲಿ ಕೂರು. ಆ ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯುತ್ತಿತ್ತು. ಕಾಯಂ ಮಾಡುವುದೋ ಬಿಡುವುದೋ ಎಂಬುದನ್ನು ಸಾಹೇಬರು ಅಷ್ಟರೊಳಗೆ ತೀರ್ಮಾನ ಮಾಡಬೇಕಿತ್ತು.

ಗುತ್ತಿಗೆಯವರ ಹೆಸರನ್ನು ಡೈರೆಕ್ಟರಿಗೆ ಸೇರಿಸುವಾಗ ಮುಗಿಯುವ ದಿನವನ್ನೂ ಜೊತೆಗೇ ಹಾಕುತ್ತಿದ್ದೆವು. ಆ ದಿನ ದಾಟಿದ ಮೇಲೆ ಅವರು ಯಾವ ಊರಿನ ಯಂತ್ರದ ಮುಂದೆ ಕೂತು ಪಾಸ್‌ವರ್ಡ್ ಒತ್ತಿದರೂ ಅದು ಒಳಗೆ ಬಿಡುವುದಿಲ್ಲ. ಅವಳ ಹೆಸರಿನ ಮುಂದಿದ್ದ ಆ ದಿನವನ್ನು ಮೂರು ಮೂರು ತಿಂಗಳಿಗೊಮ್ಮೆ ಮುಂದಕ್ಕೆ ತಳ್ಳುತ್ತಿದ್ದವಳು ನಾನೇ. ಈ ಸಲ ಸಾಹೇಬರು ನನ್ನನ್ನು ಕರೆದು, "ಮುಂದಕ್ಕ ಹಾಕಬ್ಯಾಡ್ರಿ ಮೇಡಂ. ಮುಗದು ಹೋಗ್ಲಿ," ಎಂದರು.

"ಯಾಕೆ ಸರ್?"

"ಯಾಕಂದ್ರ? ನೀವ ಹೇಳೀರಲ್ಲ, ಯಾರೋ ಮಿಷನ್ ಅನ್ನ ದಿಢೀರ್ ಅಂತ ಆರಿಸ್ತಾರ ಅಂತ. ಕೊಟ್ಟೂರಿಗೆ ಸೋಮವಾರ ರಜಾ. ಕೀಲಿ ಇರೋದು ಆಕಿ ಹತ್ರ ಒಂದು, ಕಾಯೋ ಮುದುಕನ ಹತ್ರ ಒಂದು. ಮುದುಕಗ ಮೌಸ್ ಹಿಡಿಯಾಕ ಬರಂಗಿಲ್ಲ. ಇನ್ಯಾರು ಉಳದ್ರು?"

ಯಂತ್ರ ನನಗೆ ಹೇಳುತ್ತಿದ್ದುದು ಅಷ್ಟೇ: ಸೋಮವಾರ ಮುಂಜಾನೆ ಹೇಳದೆ ಕೇಳದೆ ನನ್ನ ಉಸಿರು ನಿಲ್ಲಿಸಿದ್ದಾರೆ. ಹಾಗೆ ಏಕಾಏಕಿ ಕರೆಂಟು ಹೋದಾಗ ಮೇಲ್ ಡಬ್ಬಿ ಹಾಳಾಗುತ್ತದೆ. ನಾನು ಮೊದಲು ಕರೆಂಟಿನವರನ್ನು ಅನುಮಾನಿಸಿ ಅವರ ಕಚೇರಿಗೆ ಹೋಗಿ ಜಗಳ ಮಾಡಿದ್ದೆ. ಸೋಮವಾರ ಕರೆಂಟು ತೆಗೆದೇ ಇಲ್ಲ ಎಂದು ಅವರು ತಿರುಗಿ ನನ್ನನ್ನೇ ಗದರಿದ್ದರು. ಯುಪಿಎಸ್ ಬದಲಾಯಿಸಿದೆ. ಹೊಸ ಯುಪಿಎಸ್ ಬಂದ ಮೇಲೂ ಅದೇ ಕತೆ. ಸೋಮವಾರ ಇಲ್ಲಿಂದ ಕೂಗಿದರೆ ಕೊಟ್ಟೂರು ಓಗೊಡುತ್ತಿರಲಿಲ್ಲ, ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಕಾವಲಿನ ಅಜ್ಜ ಫೋನ್ ಮುಟ್ಟುವವನಲ್ಲ, ರಜೆಯ ದಿನ ಇನ್ಯಾರು ಎತ್ತುತ್ತಾರೆ?

ಹುಡುಗಿಯನ್ನು ನಾನೇ ಕೇಳಿದೆ. ಸಿಟ್ಟಿನಲ್ಲೇ ಕೇಳಿದೆ.

"ಸೋಮವಾರ ನಾನು ಆಫೀಸಿನ ಕಡೆ ಮುಖಾನೂ ಹಾಕಂಗಿಲ್ಲ ಅಕ್ಕ," ಎಂದಳು. "ಮನ್ಯಾಗ ಬಟ್ಟಿ ಒಗಿಯಾಕ ಒಂದು ದಿನ ಸಾಲಂಗಿಲ್ಲ. ನನ್ನ ಮ್ಯಾಲ ನಿಮಗೂ ಡೌಟ್ ಬಂತೇನು?"

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂದಿನ ಸೋಮವಾರ ಯಾರಿಗೂ ಹೇಳದೆ ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಹೊರಟೆ.

ಕಚೇರಿಯ ಬಾಗಿಲು ತೆರೆದಿತ್ತು. ಮುಂದಿನ ಕೋಣೆಯಲ್ಲಿ ಯಾರೂ ಇಲ್ಲ. ಸರ್ವರ್ ಇಟ್ಟಿದ್ದ ಹಿಂದಿನ ಸಣ್ಣ ಕೋಣೆಯ ಹೊಸ್ತಿಲ ಬಳಿ ಕಾವಲಿನ ಅಜ್ಜ ಗೋಡೆಗೆ ಒರಗಿ ಕೂತಿದ್ದ. ಹೊಸಹಳ್ಳಿ ಕಡೆಯವನು, ವಯಸ್ಸೆಲ್ಲ ಇನ್ನೊಬ್ಬರ ಹೊಲದಲ್ಲಿ ಗಳೆ ಹೊಡೆದು, ಸೊಂಟ ಬಗ್ಗಿದ ಮೇಲೆ ನಮ್ಮ ಗೋದಾಮು ಕಾಯಲು ಬಂದವನು. ಅವನ ಹಿಂದೆ ಸರ್ವರ್ ಸುಮ್ಮನೆ ನಿಂತಿತ್ತು. ಒಂದೂ ದೀಪ ಇಲ್ಲ, ಸದ್ದಿಲ್ಲ. ಅದರ ಮುಖಕ್ಕೆ ಹಸಿ ವಿಭೂತಿ, ನೆತ್ತಿಯ ಮೇಲೊಂದು ಕಣಗಿಲೆ ಹೂವು. ವಿಭೂತಿಯನ್ನು ನಾನು ಪ್ರತಿ ಮಂಗಳವಾರವೂ ನೋಡಿದ್ದೆ. ನಮ್ಮ ಕಡೆ ವಿಭೂತಿ ಹಚ್ಚದ ಯಂತ್ರ ಯಾವುದಿದೆ ಎಂದು ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

"ಅಜ್ಜಾ!" ಎಂದು ನಾನು ಕೂಗಿದ್ದು ಬೀದಿಗೆ ಕೇಳಿಸಿರಬೇಕು.

ಅವನು ಗಾಬರಿಯಿಂದ ಎದ್ದು ಕೈ ಆಡಿಸಿದ. "ಯವ್ವಾ, ಸಣ್ಣಗ ಮಾತಾಡ್ರಿ. ಇವತ್ತು ಸೋಮವಾರ."

"ಸೋಮವಾರ ಆದ್ರೆ?"

"ಸೋಮವಾರ ಎತ್ತಿನ ಹೆಗಲಮ್ಯಾಲ ನೊಗ ಇಡಂಗಿಲ್ಲಲ್ರಿ. ಬಸವಣ್ಣನ ವಾರ." ನನಗೆ ಇಷ್ಟೂ ತಿಳಿಯದೇ ಎನ್ನುವಂತೆ ನೋಡಿದ. "ಇದು ಹಗಲೂ ದುಡಿತೈತಿ, ರಾತ್ರಿನೂ ದುಡಿತೈತಿ. ಮೈ ಮುಟ್ಟಿ ನೋಡಿರೇನು? ಜ್ವರ ಬಂದಂಗ ಕಾದಿರತೈತಿ. ಬುಸ್ ಬುಸ್ ಅಂತ ಏದುಸಿರು ಬಿಡತೈತಿ. ಮಾಗಿಯೊಳಗ ಹೆಂಗೋ ಸುಮ್ನಿದ್ದೆ. ಬ್ಯಾಸಿಗಿ ಬಂದಮ್ಯಾಲ ನನಗ ನೋಡಾಕ ಆಗ್ಲಿಲ್ಲ. ವಾರಕ್ಕೊಂದು ದಿನ ಬಿಟ್ರ ಏನ್ ಗಂಟು ಹೋಗತೈತಿ ಅಂತ ಮುಂಜಾನಿ ಗುಂಡಿ ಆರಿಸ್ತೀನಿ. ಮಂಗಳವಾರ ಹುಡುಗಿ ಬರೋದ್ರಾಗ ಹಚ್ಚಿರ್ತೀನಿ."

ಬರುವಾಗ ಬಸ್ಸಿನಲ್ಲಿ ಕಳ್ಳ ಸಿಕ್ಕರೆ ಏನೇನು ಬೈಯಬೇಕೆಂದು ಸಾಲುಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. ಅದರಲ್ಲಿ ಒಂದೂ ಈ ಮುಖಕ್ಕೆ ಹೊಂದುವಂತಿರಲಿಲ್ಲ. ನಗು ಬಂತು, ನಗಲಿಕ್ಕೂ ಆಗಲಿಲ್ಲ.

ಅವನ ಪಕ್ಕದಲ್ಲೇ ನೆಲದ ಮೇಲೆ ಕೂತು ನಿಧಾನವಾಗಿ ಹೇಳಿದೆ. ಹಾಗೆ ಗುಂಡಿ ಆರಿಸಿದರೆ ಇದರೊಳಗಿನ ಮೇಲ್‌ಗಳು ಹಾಳಾಗುತ್ತವೆ. ಹಡಗಲಿಗೆ ಬೀಜ ಹೋಗದೇ ಇದ್ದದ್ದು ಅದಕ್ಕೇ. ಇದನ್ನೆಲ್ಲ ಹುಡುಗಿಯೇ ಮಾಡುತ್ತಾಳೆಂದು ಸಾಹೇಬರು ತಿಳಿದಿದ್ದಾರೆ. ತಿಂಗಳ ಕೊನೆಗೆ ಅವಳನ್ನು ತೆಗೆಯುತ್ತಾರೆ.

"ನಮ್ಮ ಹುಡುಗೀನಾ?" ಅಜ್ಜನ ಕೈ ತಲೆಯ ರುಮಾಲಿಗೆ ಹೋಯಿತು. "ಆಕಿ ಏನ್ ಮಾಡ್ಯಾಳ್ರಿ? ಆಕಿಗೆ ಗೊತ್ತ ಇಲ್ಲ. ನಾನು ಸಾಹೇಬ್ರಿಗೆ ಹೇಳ್ತೀನಿ."

"ಹೇಳಿದ್ರೆ ನಿನ್ನನ್ನ ತೆಗೀತಾರೆ ಅಜ್ಜ."

"ತೆಗೀಲಿ."

"ಹಂಗಾದ್ರೆ ನಡಿ, ಈಗ್ಲೇ ಹೋಗಣ."

"ಈಗ ಹೆಂಗ ಬರ್ಲಿ? ಸಂಜಿತನ ಇಲ್ಲೇ ಕುಂದ್ರಬೇಕಂತ ಹೇಳ್ಯಾರ. ಬಾಗಲಾ ಬಿಟ್ಟು ಬರಂಗಿಲ್ಲ. ನಾಳಿ ಹುಡುಗಿ ಬಂದಕೂಡ್ಲೆ ಬರ್ತೀನಿ."

ಬರುವುದಿಲ್ಲ ಎಂದುಕೊಂಡೆ. ರಾತ್ರಿ ಮಲಗಿ ಯೋಚಿಸಿದರೆ ಯಾರ ಧೈರ್ಯವಾದರೂ ಕರಗುತ್ತದೆ. ಮಂಗಳವಾರ ನಾನೇ ಸಾಹೇಬರ ಮುಂದೆ ನಿಂತು, ಅಜ್ಜನ ಹೆಸರು ಎತ್ತದೆ ಹುಡುಗಿಯನ್ನು ಉಳಿಸುವ ದಾರಿ ಹುಡುಕುತ್ತ ಅಡ್ಡಡ್ಡ ಮಾತಾಡುತ್ತಿದ್ದೆ. ಸಾಹೇಬರು ಹಡಗಲಿ ಕಡೆಯ ರೈತರ ಮನೆಯವರು, ಸುತ್ತಿ ಬಳಸಿ ಮಾತಾಡಿದರೆ ಸಹಿಸುವವರಲ್ಲ. "ಹುಡುಗಿ ಅಲ್ಲ ಅಂತೀರಿ. ಮತ್ಯಾರು ಅಂದ್ರ ಬಾಯಿ ಬಿಡವಲ್ರಿ," ಎಂದು ಗದರುತ್ತಿದ್ದಾಗಲೇ ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ಅಜ್ಜ ಚಪ್ಪಲಿಯನ್ನು ಹೊರಗೆ ಬಿಟ್ಟು ಕೈ ಮುಗಿದು ನಿಂತಿದ್ದ.

"ನಾನ್ರಿ ಸಾಹೇಬ್ರ," ಎಂದ. "ಸೋಮವಾರ ಮಿಷನ್ ಆರಿಸಾಂವ ನಾನು."

ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದ. ಒಂದು ಮಾತನ್ನೂ ಹೆಚ್ಚು ಮಾಡಲಿಲ್ಲ, ಮುಚ್ಚಿಡಲೂ ಇಲ್ಲ. ಸಾಹೇಬರ ಮುಖ ಕೆಂಪೇರುತ್ತ ಹೋಯಿತು.

"ಅದು ಎತ್ತಲ್ಲೋ ಮಾರಾಯಾ!" ಎಂದರು ಕೊನೆಗೆ.

"ಗೊತ್ತೈತ್ರಿ. ಎತ್ತಾಗಿದ್ರ ಸಾಕಾದಾಗ ಕಾಲು ಮಡಚಿ ಕುಂದ್ರತಿತ್ತು. ಇದು ಕುಂದ್ರಂಗಿಲ್ಲ. ಅದಕ್ಕ ನಾನ ಕುಂದ್ರಸಿದೆ." ಆಮೇಲೆ ಧ್ವನಿ ತಗ್ಗಿಸಿದ. "ತಪ್ಪಾತ್ರಿ. ನನ್ನ ಬಿಡಸ್ರಿ. ಹುಡುಗೀನ ಬಿಡಸಬ್ಯಾಡ್ರಿ."

ಸಾಹೇಬರು ಮೇಜಿನ ಗಾಜನ್ನು ಬೆರಳಿಂದ ಉಜ್ಜಿದರು. "ನಮ್ಮ ಮನ್ಯಾಗೂ ಸೋಮವಾರ ಎತ್ತು ಕಟ್ಟಂಗಿಲ್ಲ," ಎಂದರು ನನ್ನ ಕಡೆ ತಿರುಗಿ. "ಒಂದ್ ಸಲ ಬಿತ್ತೋ ಹದ ಹೋಗತೈತಿ ಅಂತ ನಾನು ಸೋಮವಾರ ಎತ್ತು ಹೂಡಾಕ ಹೋಗಿದ್ದೆ. ನಮ್ಮಪ್ಪ ಕೆನ್ನಿಗೆ ಹೊಡದಿದ್ದ. ಬ್ಯಾರೆ ಯಾವತ್ತೂ ನಮ್ಮಪ್ಪ ನನ್ನ ಮ್ಯಾಲ ಕೈ ಎತ್ತಿಲ್ಲ." ಅಜ್ಜ ಇನ್ನೂ ಕೈ ಮುಗಿದೇ ನಿಂತಿದ್ದ. "ಈ ಮನುಷ್ಯಾಗ ಏನಂತ ಬೈಲಿ ಹೇಳ್ರಿ? ಮೇಡಂ, ಆ ಮಿಷನ್ ಸೋಮವಾರ ನಿಂತ್ರ ನಿಮಗೇನು ತೊಂದ್ರಿ?"

ಏನು ತೊಂದರೆ ಎಂದು ನಾನೂ ಅವತ್ತೇ ಮೊದಲ ಸಲ ಯೋಚಿಸಿದೆ. ಸರ್ವರ್ ಅಂದಮೇಲೆ ನಿಲ್ಲಬಾರದು ಎಂದು ದಾವಣಗೆರೆಯ ಕಂಪ್ಯೂಟರ್ ತರಗತಿಯಲ್ಲಿ ಕಲಿಸಿಕೊಟ್ಟಿದ್ದರು, ನಾನು ಅದನ್ನು ಹಾಗೇ ನಂಬಿಕೊಂಡು ಬಂದಿದ್ದೆ. ಕೊಟ್ಟೂರಿಗೆ ಸೋಮವಾರ ರಜೆ. ಮೇಲ್ ಬಂದರೂ ಓದುವವರಿಲ್ಲ. ಸರಿಯಾದ ಕ್ರಮದಲ್ಲಿ ನಿಲ್ಲಿಸಿದರೆ ಯಂತ್ರಕ್ಕೆ ಒಂದಿಷ್ಟೂ ನೋವಿಲ್ಲ.

"ಏನೂ ಇಲ್ಲ ಸರ್," ಎಂದೆ.

ಅವತ್ತೇ ಕೂತು ಎಲ್ಲವನ್ನೂ ಬದಲಾಯಿಸಿದೆ. ಯಾವ ಊರು ಯಾವ ಯಾವ ಹೊತ್ತಿಗೆ ಸುದ್ದಿ ತೆಗೆದುಕೊಳ್ಳಬೇಕು ಎಂದು ಹೇಳಲು ಪರದೆಯ ಮೇಲೆ ಒಂದು ಚೌಕಳಿ ಬರುತ್ತದೆ. ವಾರದ ಏಳು ದಿನಕ್ಕೆ ಏಳು ಸಾಲು, ಗಂಟೆಗೊಂದು ಮನೆ. ಮನೆ ನೀಲಿಯಾಗಿದ್ದರೆ ಸುದ್ದಿ ಹೋಗುತ್ತದೆ, ಬಿಳಿಯಾಗಿದ್ದರೆ ಇಲ್ಲ. ಉಳಿದ ಊರುಗಳದ್ದು ಪೂರಾ ನೀಲಿ. ಕೊಟ್ಟೂರಿನದರಲ್ಲಿ ಸೋಮವಾರದ ಸಾಲನ್ನು ಉದ್ದಕ್ಕೂ ಬಿಳಿ ಮಾಡಿದೆ. ಅವತ್ತು ಬಂದ ಮೇಲ್‌ಗಳು ಹಗರಿಬೊಮ್ಮನಹಳ್ಳಿಯಲ್ಲೇ ಕಾದಿದ್ದು ಮಂಗಳವಾರ ಹೋಗುವಂತೆ ಮಾಡಿದೆ. ಭಾನುವಾರ ಸಂಜೆ ಕಚೇರಿ ಮುಚ್ಚಿದ ಮೇಲೆ ಯಂತ್ರ ಎಲ್ಲವನ್ನೂ ಮುಗಿಸಿ ತಾನಾಗಿ ನಿಲ್ಲುವ ಹಾಗೆ ಒಂದು ಆಜ್ಞೆ ಬರೆದಿಟ್ಟೆ. ಮಂಗಳವಾರ ಬೆಳಿಗ್ಗೆ ಅಜ್ಜ ಗುಂಡಿ ಒತ್ತಿದರೆ ಸಾಕು. ಮುಂದಿನ ವಾರ ಕೊಟ್ಟೂರಿಗೆ ಹೋದಾಗ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು, "ತಾನ ಮಲಗಿತ್ರಿ ಯವ್ವಾ," ಎಂದ. "ಅದಕ್ಕ ವಾರ ಗೊತ್ತಾಗೈತಿ." ಇಲ್ಲ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ.

ಆಮೇಲೆ ಕೊಟ್ಟೂರಿನ ಮೇಲ್ ಒಂದು ಸಲವೂ ಕೆಡಲಿಲ್ಲ. ಆದರೂ ಸಾಹೇಬರು ಹುಡುಗಿಯ ವಿಷಯ ಎತ್ತಲಿಲ್ಲ. ತಿಂಗಳು ಮುಗಿಯುತ್ತ ಬಂತು. ನಾನು ಚಹಾದ ಹೊತ್ತಿಗೆ ಅವರ ಕೋಣೆಯ ಮುಂದೆ ಸುಳಿದಾಡಿದೆ, ಇಲ್ಲದ ಕಾಗದಗಳಿಗೆ ಸಹಿ ಬೇಕೆಂದು ಒಳಗೆ ಹೋದೆ. ಕೊನೆಗೆ ನೇರ ಕೇಳಿಯೇಬಿಟ್ಟೆ.

"ಕಾಯಂ ಮಾಡೇನಿ, ಆರ್ಡರ್ ಟೈಪಿಗೆ ಹೋಗೈತಿ," ಎಂದರು ತಲೆ ಎತ್ತದೆ. "ಅದನ್ನ ನಿಮಗ ಹೇಳಿಲ್ಲೇನು?"

ಇಂಥ ಹೊತ್ತಿನಲ್ಲಿ ಬೈಯಬೇಕೋ ಕೈ ಮುಗಿಯಬೇಕೋ ತಿಳಿಯುವುದಿಲ್ಲ. ಓಡಿಬಂದು ನನ್ನ ಯಂತ್ರದ ಮುಂದೆ ಕೂತೆ. ಅವಳ ಹೆಸರು ತೆರೆದು, ಮುಗಿಯುವ ದಿನವನ್ನು ಅಳಿಸಿ, 'ಎಂದಿಗೂ ಮುಗಿಯುವುದಿಲ್ಲ' ಎನ್ನುವಲ್ಲಿ ಒತ್ತಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ನಾಲ್ಕಕ್ಕೂ ಸುದ್ದಿ ಮುಟ್ಟುವವರೆಗೆ ಪರದೆ ನೋಡುತ್ತ ಕೂತಿದ್ದೆ. ಕೊಟ್ಟೂರು ಓಗೊಟ್ಟ ಮೇಲೆ ಅವಳಿಗೆ ಫೋನ್ ಮಾಡಿದೆ.

ಸುದ್ದಿ ಕೇಳಿ ಅವಳು ಕೂಗಲಿಲ್ಲ, ಅಳಲೂ ಇಲ್ಲ. ನನ್ನದೇ ಕಣ್ಣು ತುಂಬಿ ಬಂದಿತ್ತು.

"ಖರೇನ ಅಕ್ಕ? ಇನ್ನ ಯಾರೂ ತೆಗಿಯಂಗಿಲ್ಲೇನು?"

"ಖರೇನ. ಇನ್ನ ನಿಮ್ಮಣ್ಣಂದಿರಿಗೆ ಧೈರ್ಯವಾಗಿ ಹೇಳು."

"ಹೇಳ್ತೀನಿ." ಆಮೇಲೆ ಅವಳು, "ಹಂಗಾರ ಒಂದು ಮಾತು ಕೇಳ್ಲೇನು? ಸಿಟ್ಟಾಗಬಾರದು," ಎಂದಳು.

"ಕೇಳು."

"ಆ ಮಿಷನ್ ಬರೋದಕ್ಕಿಂತ ಮೊದ್ಲು ಅಜ್ಜಗೂ ಸೋಮವಾರ ರಜಾ ಇತ್ತು ಅಕ್ಕ. ವಾರ ವಾರ ಹೊಸಹಳ್ಳಿಗೆ ಮಗಳ ಮನಿಗೆ ಹೋಗಿ ಬರ್ತಿದ್ದ. ಮಿಷನ್ ಹಗಲೂರಾತ್ರಿ ನಡಿತೈತಿ, ರಜಾದಾಗೂ ಯಾರರ ಇರಬೇಕು ಅಂತ ನಿಮ್ಮ ಕಡಿಂದ ಆರ್ಡರ್ ಬಂತು. ಅವತ್ತಿಂದ ಹೋಗಿಲ್ಲ. ಮಗಳೇ ಬಂದು ಬಾಗಲದಾಗ ಮಾತಾಡ್ಸಿ ಹೋಗ್ತಾಳ. ಈಗ ಮಿಷನ್ ಮಲಗತೈತಿ. ಅಜ್ಜ ಮಾತ್ರ ಇನ್ನೂ ಕುಂತಾನ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?" ಎಂದೆ.

"ತಿಂಗಳ ಕೊನಿಗೆ ಹೋಗಾಕಿ ನಾನು, ನನ್ನ ಮಾತು ಯಾರು ಕೇಳ್ತಿದ್ರು ಅಕ್ಕ?"

ಫೋನ್ ಇಟ್ಟು ಮತ್ತೆ ಸಾಹೇಬರ ಕೋಣೆಗೆ ಹೋದೆ. ಚಹಾ ಕುಡಿಯುತ್ತಿದ್ದವರು ನಾನು ಹೇಳಿದ್ದನ್ನು ಪೂರಾ ಕೇಳಿ ಕಪ್ಪನ್ನು ಕೆಳಗಿಟ್ಟರು.

"ಮಿಷನ್‌ಗೆ ರಜಾ ಕೊಟ್ವಿ, ಮನುಷ್ಯಾನ್ನ ಮರತ್ವಿ," ಎಂದರು. ಅಜ್ಜನ ಸೋಮವಾರದ ರಜೆಯ ಆರ್ಡರ್ ಬರೆಯಲು ಪೆನ್ನು ತೆಗೆದರು.